ಜೆಟ್ ಬೋಟ್: ನಿಧಾನ ವೇಗದಲ್ಲಿ, ರಿವರ್ಸ್‌ನಲ್ಲಿ ಹಿಡಿತ ತಪ್ಪದ ಹಾಗೆ ಓಡಿಸುವುದು ಹೇಗೆ?

ಜೆಟ್ ಬೋಟನ್ನು ಜೋರಾಗಿ ಓಡಿಸಲು ಹೆಚ್ಚೇನೂ ಕಲಿಯಬೇಕಿಲ್ಲ. ಥ್ರಾಟಲ್ (ಕಾರಿನ ಆಕ್ಸಿಲರೇಟರ್ ಇದ್ದ ಹಾಗೆ) ಕೊಟ್ಟರೆ ಓಡುತ್ತದೆ, ಸ್ಟೀರಿಂಗ್ ತಿರುಗಿಸಿದರೆ ತಿರುಗುತ್ತದೆ. ಎಡವಟ್ಟೆಲ್ಲ ಆಗುವುದು ದಡಕ್ಕೆ ವಾಪಸ್ ಬರುವಾಗ. ಜೆಟ್ಟಿ, ಅಂದರೆ ಬೋಟ್ ಕಟ್ಟುವ ಕಟ್ಟೆ, ಹತ್ತಿರ ಬಂತು, ಗಾಬರಿ ಆಯಿತು, ಥ್ರಾಟಲ್ ಪೂರ್ತಿ ಬಿಟ್ಟರು, ಸ್ಟೀರಿಂಗನ್ನು ಕೊನೇವರೆಗೂ ತಿರುಗಿಸಿದರು. ಬೋಟ್ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ನೇರ ಹೋಗಿ ಗುದ್ದಿತು.

ಕೆಆರ್‌ಎಸ್ ಹಿನ್ನೀರು, ವರುಣ ಕೆರೆ, ಕಬಿನಿ ಕಡೆ ಬೋಟ್ ಓಡಿಸುವವರು ತಿರುಗಿ ತಿರುಗಿ ಕೇಳುವುದು ಎರಡೇ ಪ್ರಶ್ನೆ. ನಿಧಾನಕ್ಕೆ ಹೋಗುವಾಗ ಇದು ಯಾಕೆ ಮಾತು ಕೇಳಲ್ಲ? ರಿವರ್ಸ್ ಹಾಕಿದರೆ ಯಾಕೆ ಉಲ್ಟಾ ಹೋಗುತ್ತೆ? ಔಟ್‌ಬೋರ್ಡ್ ಮೋಟಾರ್ (ಬೋಟಿನ ಹಿಂದೆ ಹೊರಗೆ ತೂಗುಹಾಕುವ, ಪ್ರೊಪೆಲ್ಲರ್ ಇರುವ ಮೋಟಾರ್) ಓಡಿಸಿ ಪಳಗಿದವರಿಗೇ ಈ ಕಷ್ಟ ಜಾಸ್ತಿ. ಹೊಸಬರಿಗೆ ಮರೆಯಬೇಕಾದ ಅಭ್ಯಾಸ ಯಾವುದೂ ಇರುವುದಿಲ್ಲ ನೋಡಿ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೇ ಹಂತ ಕೈಗೆ ಹತ್ತುವ ಮುಂಚೆ ಎಂಟನೇ ಹಂತಕ್ಕೆ ಹಾರಿದವರೇ ಫೈಬರ್ ಒಡೆದುಕೊಳ್ಳುವುದು.

ಮೊದಲು ಇಷ್ಟು ತಿಳಿದಿರಲಿ

ಜೆಟ್ ಬೋಟಿಗೆ ಹೊರಗೆ ಕಾಣುವ ಪ್ರೊಪೆಲ್ಲರ್ ಇಲ್ಲ, ಚುಕ್ಕಾಣಿಯ ಹಲಗೆಯೂ ಇಲ್ಲ. ತಳದಲ್ಲಿರುವ ಜಾಲರಿಯ ಮೂಲಕ ಪಂಪ್ ನೀರು ಎಳೆದುಕೊಳ್ಳುತ್ತದೆ. ಒಳಗಿನ ಇಂಪೆಲ್ಲರ್ ಅನ್ನುವ ಅಲಗಿನ ಚಕ್ರ ಆ ನೀರನ್ನು ಹಿಂದಿನ ನಳಿಕೆಯಿಂದ ಜೋರಾಗಿ ಹೊರಗೆ ತಳ್ಳುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದಾಗ ತಿರುಗುವುದು ಆ ನಳಿಕೆ, ಅಷ್ಟೇ. ನಳಿಕೆ ಬಲಕ್ಕೆ ಚಿಮ್ಮಿಸಿದರೆ ಬೋಟಿನ ಹಿಂಬದಿ ಎಡಕ್ಕೆ ತಳ್ಳಿಸಿಕೊಳ್ಳುತ್ತದೆ, ಮೂತಿ ಬಲಕ್ಕೆ ಹೊರಳುತ್ತದೆ.

ಹಾಗಾದರೆ ನೀರು ಚಿಮ್ಮದಿದ್ದರೆ? ತಿರುಗುವುದೂ ಇಲ್ಲ. ಥ್ರಾಟಲ್ ಬಿಟ್ಟ ಗಳಿಗೆಯಲ್ಲೇ ಸ್ಟೀರಿಂಗ್ ಹೆಚ್ಚುಕಮ್ಮಿ ಸತ್ತ ಹಾಗೆ. ಔಟ್‌ಬೋರ್ಡ್‌ನಲ್ಲಿ ಥ್ರಾಟಲ್ ಬಿಟ್ಟರೂ ನೀರಿನೊಳಗಿರುವ ಮೋಟಾರಿನ ಕಾಲು ಸ್ವಲ್ಪ ಚುಕ್ಕಾಣಿಯ ಕೆಲಸ ಮಾಡುತ್ತದೆ. ಜೆಟ್‌ನಲ್ಲಿ ಆ ಕಾಲೇ ಇಲ್ಲ.

ರಿವರ್ಸ್‌ಗೆ ಇಂಜಿನ್ ಉಲ್ಟಾ ತಿರುಗುವುದಿಲ್ಲ. ನಳಿಕೆಯ ಹಿಂದೆ ಬಕೆಟ್ ಅನ್ನುವ ಬಾಗಿದ ತಗಡೊಂದು ಇರುತ್ತದೆ. ಲಿವರ್ ಎಳೆದಾಗ ಅದು ಕೆಳಗಿಳಿದು, ಹಿಂದಕ್ಕೆ ಹೋಗುವ ನೀರನ್ನು ಮಡಿಸಿ ಮುಂದಕ್ಕೆ ಕಳಿಸುತ್ತದೆ. ಬಕೆಟ್ ಅರ್ಧ ಇಳಿದಿದ್ದರೆ ಸ್ವಲ್ಪ ನೀರು ಹಿಂದಕ್ಕೆ, ಸ್ವಲ್ಪ ಮುಂದಕ್ಕೆ. ಅದೇ ನ್ಯೂಟ್ರಲ್. ಅಂದರೆ ಸಾಮಾನ್ಯ ಜೆಟ್ ಬೋಟಿನಲ್ಲಿ ನ್ಯೂಟ್ರಲ್ ಇದ್ದಾಗಲೂ ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ, ಜಾಲರಿ ಎಳೆಯುತ್ತಲೇ ಇರುತ್ತದೆ. ಇದನ್ನು ಬೋಟಿನಲ್ಲಿ ಕೂತವರಿಗೂ ಹೇಳಿ.

ಬೇಕಾಗುವ ಸಾಮಾನು

ಎಲ್ಲರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್. ಓಡಿಸುವವರ ಮಣಿಕಟ್ಟಿಗೋ ಜಾಕೆಟ್ಟಿಗೋ ಸಿಕ್ಕಿಸುವ ಕಿಲ್ ಸ್ವಿಚ್ ಹಗ್ಗ, ಇದು ಕಿತ್ತು ಬಂದರೆ ಇಂಜಿನ್ ನಿಲ್ಲುತ್ತದೆ. ಒಂದು ಹುಟ್ಟು. ತುದಿಗೆ ಕೊಕ್ಕೆ ಇರುವ ಉದ್ದ ಕೋಲು. ಪಕ್ಕಕ್ಕೆ ಇಳಿಬಿಡಲು ಕನಿಷ್ಠ ನಾಲ್ಕು ಫೆಂಡರ್, ಅಂದರೆ ಗುದ್ದು ತಡೆಯುವ ಮೆತ್ತೆ. ಹಳೇ ಸ್ಕೂಟರ್ ಟೈರ್ ಕಟ್ಟುವವರಿದ್ದಾರೆ, ಕೆಲಸವೇನೋ ಆಗುತ್ತದೆ, ಬಿಳಿ ಬೋಟಿಗೆ ಕಪ್ಪು ಗೀಟು ಬೀಳುತ್ತದೆ.

ಹಗ್ಗ, ಬಲೆ ಕುಯ್ಯಲು ಹರಿತವಾದ ಚಾಕು ಬೇಕೇ ಬೇಕು. ಕಟ್ಟುವ ಹಗ್ಗಗಳ ಉದ್ದ ಬೋಟಿಗಿಂತ ಕಡಿಮೆ ಇದ್ದರೆ ಒಳ್ಳೆಯದು. ಮೂತಿಯ ಹಗ್ಗ ನೀರಿಗೆ ಬಿದ್ದರೂ ತಳದ ಜಾಲರಿ ತನಕ ಮುಟ್ಟಬಾರದು.

ಅಭ್ಯಾಸಕ್ಕೆ ಎರಡು ಗುರುತು ಬೇಕು. ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಗೆ ಕಲ್ಲು ಕಟ್ಟಿ ಬಿಡಿ. ಹಗ್ಗ ನೀರಿನ ಆಳಕ್ಕೆ ಸರಿಯಾಗಿ ಬಿಗಿಯಾಗಿರಲಿ. ಸಡಿಲ ಹಗ್ಗ ಮೇಲೆ ತೇಲಿದರೆ ಪಂಪ್ ಅದನ್ನು ನುಂಗುತ್ತದೆ, ನಿಮ್ಮ ಅಭ್ಯಾಸ ಅಲ್ಲಿಗೆ ಮುಗಿಯಿತು.

ಹಂತ 1: ಜಾಗ ಮತ್ತು ಹೊತ್ತು

ಮೊದಲು ಕಾಗದ ಪತ್ರ. 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರದಿಂದ ಓಡುವ ಬೋಟ್‌ಗಳ ನೋಂದಣಿ ಬಗ್ಗೆ ಹೇಳುತ್ತದೆ. ಜಲಾಶಯದಲ್ಲಿ ಬೋಟ್ ಇಳಿಸಲು ಅನುಮತಿ ಬೇರೆ ಬೇಕು. ಕೆಆರ್‌ಎಸ್, ಕಬಿನಿ ಎರಡೂ ಕಾವೇರಿ ನೀರಾವರಿ ನಿಗಮದ ಕೈಯಲ್ಲಿವೆ. ಅಣೆಕಟ್ಟೆ, ಗೇಟು, ಕಾಲುವೆ ಬಾಯಿ ಹತ್ತಿರ ಸುಳಿಯಲೇಬೇಡಿ. ಕಬಿನಿ ಹಿನ್ನೀರಿನ ಕಾಡಂಚಿನಲ್ಲಿ ಅರಣ್ಯ ಇಲಾಖೆ ಹೇಳಿದ್ದೇ ಕೊನೆ ಮಾತು. ರಂಗನತಿಟ್ಟು ಪಕ್ಷಿಧಾಮದ ಕಡೆ ಯೋಚನೆಯನ್ನೂ ಮಾಡಬೇಡಿ.

ಆಮೇಲೆ ನೀರಿನ ಮಟ್ಟ. ಮೈಸೂರು, ಮಂಡ್ಯದ ಮನೆಗಳಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿದ ಕೂಡಲೇ ಕೆಆರ್‌ಎಸ್ ಮಟ್ಟ ನೋಡುವುದು ರೂಢಿ. ಗದ್ದೆ ಇದ್ದವರಷ್ಟೇ ಅಲ್ಲ, ಜೆಟ್ ಬೋಟ್ ಇದ್ದವರೂ ಅದನ್ನು ನೋಡಬೇಕು. ಗರಿಷ್ಠ ಮಟ್ಟ 124.80 ಅಡಿ. ತುಂಬಿದಾಗ ಸಲೀಸಾಗಿ ಹೋಗಿಬಂದ ದಾರಿಯಲ್ಲೇ ಬೇಸಿಗೆಯಲ್ಲಿ ಮರದ ಬುಡ, ಕಲ್ಲು, ಕೆಸರಿನ ದಿಬ್ಬ ಮೇಲೆದ್ದಿರುತ್ತವೆ. ಕಬಿನಿಯಲ್ಲಂತೂ ಒಣಗಿದ ಮರಗಳು ನೀರಿನಲ್ಲಿ ನಿಂತೇ ಇವೆ. ಕಾಣುವ ಮರಕ್ಕಿಂತ ಒಂದು ಅಡಿ ಮುಳುಗಿರುವ ಮೋಟು ಅಪಾಯ.

ಅಭ್ಯಾಸದ ಜಾಗದಲ್ಲಿ ಬೋಟಿನ ತಳದ ಕೆಳಗೆ ಕನಿಷ್ಠ ಮೂರು ಅಡಿ ನೀರಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪಂಪ್ ಮರಳು, ಸಣ್ಣ ಕಲ್ಲು ಎಳೆದುಕೊಂಡು ಇಂಪೆಲ್ಲರ್ ಅಂಚನ್ನು ತಿಂದುಹಾಕುತ್ತದೆ. "ಜೆಟ್ ಬೋಟಿಗೆ ಅರ್ಧ ಅಡಿ ನೀರು ಸಾಕು" ಅನ್ನುವ ಮಾತು ಅರ್ಧ ನಿಜ. ಜೋರಾಗಿ ಹೋಗುವಾಗ ಬೋಟ್ ಮೇಲೆದ್ದಿರುತ್ತದೆ, ದಾಟಿಬಿಡಬಹುದು. ನಿಧಾನಕ್ಕೆ ಹೋಗುವಾಗ ಹಿಂಬದಿ ತಗ್ಗಿರುತ್ತದೆ, ಜಾಲರಿ ನೆಲಕ್ಕೆ ಹತ್ತಿರವಾಗುತ್ತದೆ.

ಹೊತ್ತು ಅಂದರೆ ಬೆಳಿಗ್ಗೆ. ಬಿಸಿಲೇರಿದ ಮೇಲೆ ಹಿನ್ನೀರಿನ ಬಯಲಲ್ಲಿ ಗಾಳಿ ಎದ್ದೇಳುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಪಡುವಲ ಗಾಳಿ ಇಡೀ ದಿನ ಬಿಡುವುದಿಲ್ಲ. ಮೊದಲ ಪಾಠಕ್ಕೆ ಅದು ಬೇಡ.

ಇಳಿಯುವ ಮುಂಚೆ ಹರಿಗೋಲಿನವರನ್ನು ಒಂದು ಮಾತು ಕೇಳಿ. "ಅಣ್ಣಾ, ಬಲೆ ಎಲ್ಲಿ ಬಿಟ್ಟಿದ್ದೀರಿ?" ಅಂದರೆ ಸಾಕು. ಹುಟ್ಟನ್ನು ನೀರಿನಿಂದ ಎತ್ತಿ, ಅದರ ತುದಿಯಿಂದಲೇ ತೋರಿಸುತ್ತಾರೆ: "ಆ ಬಿಳಿ ಬಾಟ್ಲಿ ಐತಲ್ಲ, ಅಲ್ಲಿಂದ ಈ ಮರದ ಗಂಟ. ಒಳಕ್ಕೆ ಬರಬ್ಯಾಡಿ." ಆ ಬಲೆಯ ನೈಲಾನ್ ದಾರ ಬೆರಳಿಗೆ ಸಿಕ್ಕರೂ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಪಂಪಿಗೂ ಕೆಟ್ಟದ್ದು, ಅವರ ಹೊಟ್ಟೆಪಾಡಿಗೂ ಕೆಟ್ಟದ್ದು.

ಹಂತ 2: ಇಂಜಿನ್ ಶುರು ಮಾಡುವ ಮುಂಚೆ

ಬೋಟ್ ಟ್ರೈಲರ್ ಮೇಲಿರುವಾಗಲೇ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ಹಿಂದೆ ನಿಂತವರು ನಳಿಕೆ ಎರಡೂ ಕಡೆ ಒಂದೇ ಸಮ ಹೊರಳುತ್ತದಾ ಅಂತ ನೋಡಲಿ. ಬಳಿಕ ಲಿವರ್ ಎಳೆದು ಬಕೆಟ್ ಪೂರ್ತಿ ಇಳಿಯುತ್ತದಾ, ಪೂರ್ತಿ ಏರುತ್ತದಾ ನೋಡಿ. ಬಕೆಟ್ ಎಲೆಕ್ಟ್ರಾನಿಕ್ ಇದ್ದರೆ ಕೈಪಿಡಿಯಲ್ಲಿ ಹೇಳಿದ ಹಾಗೆ ಪರೀಕ್ಷೆ ಮಾಡಿ, ಕೈಯಿಂದ ಬಲವಂತ ಬೇಡ.

ಜಾಲರಿಗೆ ಟಾರ್ಚ್ ಹಾಕಿ ನೋಡಿ. ಅಂತರಗಂಗೆ ಬೇರು, ಗೋಣಿಚೀಲದ ಪ್ಲಾಸ್ಟಿಕ್ ಎಳೆ, ಪೂಜೆ ಮಾಡಿ ನೀರಿಗೆ ಬಿಟ್ಟ ಹೂವಿನ ಹಾರದ ದಾರ, ಇವು ಮೂರೂ ನಮ್ಮ ಕಡೆ ಮಾಮೂಲು. ಹಾರದ ಹೂವು ಕೊಳೆತು ಹೋಗಿರುತ್ತದೆ, ದಾರ ಮಾತ್ರ ಶಾಫ್ಟಿಗೆ ಸುತ್ತಿಕೊಂಡು ಬಿಗಿಯಾಗಿ ಕೂತಿರುತ್ತದೆ. ಬೆರಳಲ್ಲಿ ಎಳೆದರೆ ಬರುವುದಿಲ್ಲ, ಚಾಕುವಿನ ಮೊನೆಯಿಂದ ಒಂದೊಂದೇ ಸುತ್ತು ಕುಯ್ದು ಬಿಡಿಸಬೇಕು. ಕೈ ಹಾಕುವ ಮುಂಚೆ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಬಿಲ್ಜ್‌ನಲ್ಲಿ (ಬೋಟಿನ ತಳದ ಒಳಭಾಗದಲ್ಲಿ) ಗಾಳಿಯಾಡಲು ಬ್ಲೋಯರ್ ಇದ್ದರೆ ಕೆಲವು ನಿಮಿಷ ಓಡಿಸಿ. ಪೆಟ್ರೋಲ್ ವಾಸನೆ ಬಂದರೆ ಇಂಜಿನ್ ಶುರು ಮಾಡಬೇಡಿ.

ಹಂತ 3: ನ್ಯೂಟ್ರಲ್ ಎಲ್ಲಿದೆ ಅಂತ ಕಂಡುಕೊಳ್ಳಿ

ಈ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ದಡದಿಂದ ದೂರ, ಗಾಳಿ ಇಲ್ಲದ ಕಡೆ ಬೋಟನ್ನು ನಿಲ್ಲಿಸಿ. ಇಂಜಿನ್ ಐಡಲ್‌ನಲ್ಲಿರಲಿ (ಥ್ರಾಟಲ್ ಕೊಡದೆ ಸುಮ್ಮನೆ ಓಡುತ್ತಿರಲಿ), ಲಿವರ್ ನ್ಯೂಟ್ರಲ್‌ನಲ್ಲಿರಲಿ. ಒಂದು ಕ್ಯಾನನ್ನು ಕಣ್ಣಳತೆಯಲ್ಲಿಟ್ಟುಕೊಂಡು ಸುಮ್ನೆ ಕೂತು ನೋಡಿ. ಬೋಟ್ ನಿಧಾನಕ್ಕೆ ಮುಂದೆ ಜರುಗುತ್ತಿದೆಯಾ? ಹಿಂದಕ್ಕಾ? ಒಂದು ಪಕ್ಕಕ್ಕೆ ಮೂತಿ ಹೊರಳುತ್ತಿದೆಯಾ?

ಸ್ವಲ್ಪ ಜರುಗುವುದು ಸಹಜ. ಕಾರಿನ ನ್ಯೂಟ್ರಲ್ ಹಾಗೆ ಇದು ಸಂಪರ್ಕ ಕಡಿದುಕೊಳ್ಳುವುದಿಲ್ಲ, ಎರಡು ಕಡೆಯ ತಳ್ಳಾಟ ಸಮ ಮಾಡುತ್ತದೆ ಅಷ್ಟೇ. ಆದರೆ ನಡೆದುಕೊಂಡು ಹೋಗುವಷ್ಟು ವೇಗದಲ್ಲಿ ಮುಂದೆ ಹೋಗುತ್ತಿದ್ದರೆ ಬಕೆಟ್ ಕೇಬಲ್ ಸರಿಮಾಡಿಸಬೇಕು. ಅಲ್ಲಿಯವರೆಗೆ ಲಿವರನ್ನು ಒಂದು ಕೂದಲೆಳೆ ಹಿಂದಕ್ಕೆ ಎಳೆದು, ಬೋಟ್ ನಿಲ್ಲುವ ಜಾಗ ಹುಡುಕಿ, ಲಿವರ್ ಪಕ್ಕ ಬಣ್ಣದ ಟೇಪಿನ ಗುರುತು ಹಾಕಿ.

ಗುರುತು ನೋಡದೆಯೇ ಕೈ ಅಲ್ಲಿಗೆ ಹೋಗುವ ತನಕ ಮುಂದೆ, ನ್ಯೂಟ್ರಲ್, ಹಿಂದೆ, ನ್ಯೂಟ್ರಲ್ ಮಾಡುತ್ತಿರಿ. ಥ್ರಾಟಲ್ ಐಡಲ್‌ನಲ್ಲೇ ಇರಲಿ. ಇಂಜಿನ್ ಜೋರಾಗಿರುವಾಗ ಬಕೆಟ್ ಇಳಿಸಿದರೆ ಕೇಬಲ್ಲಿಗೂ ಪೆಟ್ಟು, ಮುಂದೆ ಕೂತವರ ಮೂಗಿಗೂ ಪೆಟ್ಟು.

ಹಂತ 4: ಮೊದಲು ಸ್ಟೀರಿಂಗ್, ಆಮೇಲೆ ಥ್ರಾಟಲ್

ಐಡಲ್‌ನಲ್ಲಿ ಮುಂದೆ ಹೋಗಿ. ಬೋಟ್ ಎಡಕ್ಕೆ ಬಲಕ್ಕೆ ತೂಗಾಡುತ್ತದೆ. ನೀವು ಸರಿಪಡಿಸಲು ಹೋದಷ್ಟೂ ಜಾಸ್ತಿ ತೂಗಾಡುತ್ತದೆ. ಕಾರಣ ಸರಳ. ತಳದಲ್ಲಿ ನೀರನ್ನು ಹಿಡಿದು ನಿಲ್ಲುವ ರೆಕ್ಕೆಯಂಥದ್ದೇನೂ ಇಲ್ಲ, ಐಡಲ್‌ನಲ್ಲಿ ನೀರಿನ ಬಲವೂ ಕಡಿಮೆ. ನೀವು ತಿರುಗಿಸಿದ್ದು ತಡವಾಗಿ ಫಲ ಕೊಡುತ್ತದೆ. ಅಷ್ಟರಲ್ಲಿ ನೀವು ಇನ್ನಷ್ಟು ತಿರುಗಿಸಿರುತ್ತೀರಿ.

ಇದಕ್ಕೆ ಮದ್ದು: ಹತ್ತಿರದ ನೀರನ್ನು ನೋಡಬೇಡಿ, ದೂರದ ಒಂದು ಮರವನ್ನೋ ಗುಡ್ಡವನ್ನೋ ನೋಡಿ. ಸ್ಟೀರಿಂಗನ್ನು ಸ್ವಲ್ಪವೇ ತಿರುಗಿಸಿ, ಬೋಟ್ ಹೊರಳಲು ಶುರುವಾದ ಕೂಡಲೇ ನೇರ ಮಾಡಿ. ಅದು ಪೂರ್ತಿ ಹೊರಳುವವರೆಗೆ ಕಾಯಬೇಡಿ. ಐಡಲ್‌ಗಿಂತ ಒಂದು ಚೂರು ಹೆಚ್ಚು ಥ್ರಾಟಲ್ ಕೊಟ್ಟರೆ ಎಷ್ಟೋ ಬೋಟ್‌ಗಳು ನೆಟ್ಟಗಾಗುತ್ತವೆ. ನಳಿಕೆಗೋ ಹಿಂಬದಿಗೋ ಕೂಡಿಸುವ ಪುಟ್ಟ ರೆಕ್ಕೆಗಳೂ ಸಿಗುತ್ತವೆ. ಅವು ಈ ತೂಗಾಟ ಕಡಿಮೆ ಮಾಡುತ್ತವೆ, ನಿಜ. ಆದರೆ ಮೊದಲು ಕೈ ಪಳಗಲಿ, ಆಮೇಲೆ ದುಡ್ಡು ಖರ್ಚು ಮಾಡಿ.

ಈಗ ತಿರುಗುವುದು. ಕ್ರಮ ಹೀಗೆ: ನ್ಯೂಟ್ರಲ್‌ಗೆ ಬನ್ನಿ. ಸ್ಟೀರಿಂಗನ್ನು ಬೇಕಾದ ಕಡೆಗೆ ಪೂರ್ತಿ ತಿರುಗಿಸಿ. ಬಳಿಕ ಮುಂದಿನ ಗೇರ್ (ಬೋಟನ್ನು ಮುಂದಕ್ಕೆ ಓಡಿಸುವ ಗೇರ್), ಒಂದು ಸೆಕೆಂಡಿನಷ್ಟು ಥ್ರಾಟಲ್, ಮತ್ತೆ ನ್ಯೂಟ್ರಲ್. ಮೂತಿ ಹೊರಳುತ್ತದೆ, ಬೋಟ್ ಮುಂದಕ್ಕೆ ಓಡುವುದು ಕಡಿಮೆ. ಮೊದಲು ಥ್ರಾಟಲ್ ಕೊಟ್ಟು ಆಮೇಲೆ ತಿರುಗಿಸಿದರೆ ಆಗುವುದು ಉಲ್ಟಾ, ಬೋಟ್ ಮೊದಲು ಮುಂದಕ್ಕೆ ನುಗ್ಗುತ್ತದೆ, ತಿರುಗುವಷ್ಟರಲ್ಲಿ ಜಾಗವೇ ಇರುವುದಿಲ್ಲ.

ಎದುರಿಗೆ ಏನೋ ಅಡ್ಡ ಬಂತು ಅಂದುಕೊಳ್ಳಿ. ಕೈ ತಾನಾಗಿ ಥ್ರಾಟಲ್ ಬಿಡುತ್ತದೆ. ಜೆಟ್ ಬೋಟಿನಲ್ಲಿ ಅದು ತಪ್ಪು. ಜಾಗ ಇರುವ ಕಡೆಗೆ ತಿರುಗಿಸಿ, ಥ್ರಾಟಲ್ ಹಿಡಿದೇ ಇರಿ. ಇದನ್ನು ಕ್ಯಾನ್ ಎದುರಿಗಿಟ್ಟುಕೊಂಡು ಬೇಕೆಂದೇ ಅಭ್ಯಾಸ ಮಾಡಬೇಕು. ಓದಿದರೆ ಬರುವುದಿಲ್ಲ, ಕೈಗೆ ಬರಬೇಕು.

ಹಂತ 5: ರಿವರ್ಸ್‌ನಲ್ಲಿ ಮೂತಿ ಯಾವ ಕಡೆಗೆ?

ಇಲ್ಲಿ ಒಂದೇ ಒಂದು ಸೂತ್ರ. ಮುಂದೆ ಹೋಗಲಿ, ಹಿಂದೆ ಬರಲಿ, ಸ್ಟೀರಿಂಗ್ ಯಾವ ಕಡೆಗೋ ಮೂತಿ ಆ ಕಡೆಗೆ.

ಕಾರನ್ನು ರಿವರ್ಸ್ ತೆಗೆಯುವಾಗ ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಕಾರಿನ ಹಿಂಬದಿ ಬಲಕ್ಕೆ ಹೋಗುತ್ತದೆ. ಔಟ್‌ಬೋರ್ಡ್ ಬೋಟೂ ಹಾಗೆಯೇ. ಜೆಟ್ ಬೋಟಿನಲ್ಲಿ ಸ್ಟೀರಿಂಗ್ ಬಲಕ್ಕಿದ್ದರೆ ರಿವರ್ಸ್‌ನಲ್ಲೂ ಮೂತಿ ಬಲಕ್ಕೆ ಬರುತ್ತದೆ, ಹಿಂಬದಿ ಎಡಕ್ಕೆ ಹೋಗುತ್ತದೆ. ಮಂಡ್ಯ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಟ್ರೈಲರ್ ಕಟ್ಟಿಕೊಂಡು ರಿವರ್ಸ್ ಬರುವಾಗ ಟ್ರೈಲರಿನ ಹಿಂಬದಿ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸುತ್ತೀರಿ, ಅಲ್ವಾ? ಇಲ್ಲೂ ಅದೇ ಕೈ.

ಕೆಲವು ಬೋಟ್‌ಗಳಲ್ಲಿ ಬಕೆಟ್ಟಿನ ಆಕಾರ ಬೇರೆ ಇರುತ್ತದೆ, ರಿವರ್ಸ್‌ನಲ್ಲಿ ತಿರುಗುವುದು ತುಂಬಾ ಮಂದ ಇರಬಹುದು. ಅದಕ್ಕೇ ನಿಮ್ಮ ಬೋಟಿನ ನಡತೆಯನ್ನು ತೆರೆದ ನೀರಿನಲ್ಲಿ ನೋಡಿಕೊಂಡೇ ಜೆಟ್ಟಿ ಹತ್ತಿರ ಹೋಗಿ. ಅಭ್ಯಾಸ ಹೀಗೆ:

ಬೋಟ್ ನಿಲ್ಲಿಸಿ, ನ್ಯೂಟ್ರಲ್ ಹಾಕಿ. ಸ್ಟೀರಿಂಗ್ ನೇರ. ರಿವರ್ಸ್ ಹಾಕಿ ಐಡಲ್‌ನಲ್ಲಿ ಸ್ವಲ್ಪ ದೂರ ಹಿಂದೆ ಬನ್ನಿ. ನೇರ ಬರುವುದಿಲ್ಲ, ಬೇಜಾರಾಗಬೇಡಿ. ಮತ್ತೆ ನಿಲ್ಲಿಸಿ, ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ, ರಿವರ್ಸ್‌ನಲ್ಲಿ ಚಿಕ್ಕದೊಂದು ಥ್ರಾಟಲ್. ಮೂತಿ ನೋಡಿ. ಎಡಕ್ಕೂ ಇದೇ ಮಾಡಿ. ಹಿಂದೆ ತಿರುಗಿ ನೋಡುವುದು ಅಪಾಯ ತಪ್ಪಿಸಲು ಬೇಕೇ ಬೇಕು. ಆದರೆ ಸ್ಟೀರಿಂಗ್ ಲೆಕ್ಕ ಮಾತ್ರ ಮೂತಿಯ ಮೇಲೆ ಇಡಿ, ತಲೆ ಕೆಡುವುದಿಲ್ಲ.

ರಿವರ್ಸ್‌ನಲ್ಲಿ ಜಾಸ್ತಿ ಥ್ರಾಟಲ್ ಕೊಟ್ಟರೆ ಜಾಸ್ತಿ ಕೆಲಸ ಆಗುತ್ತದೆ ಅನ್ನುವುದು ದೊಡ್ಡ ಭ್ರಮೆ. ಬಕೆಟ್ ನೀರನ್ನು ಮುಂದಕ್ಕೆ, ಬೋಟಿನ ತಳದ ಕಡೆಗೇ ಎಸೆಯುತ್ತದೆ. ಆ ನೊರೆ ನೀರನ್ನೇ ಜಾಲರಿ ಮತ್ತೆ ಎಳೆದುಕೊಳ್ಳುತ್ತದೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿಯನ್ನು ತಳ್ಳಿ ಬೋಟ್ ಹೋಗುವುದಿಲ್ಲ. ಇಂಜಿನ್ ಕಿರುಚುತ್ತದೆ, ಬೋಟ್ ಅಲ್ಲೇ ಇರುತ್ತದೆ. ಹಿಂಬದಿ ತಗ್ಗಿರುವ ಬೋಟಾದರೆ ನೀರು ಒಳಗೂ ನುಗ್ಗಬಹುದು. ಹಾಗಾದಾಗ ಥ್ರಾಟಲ್ ಇಳಿಸಿ, ಒಂದೆರಡು ಗಳಿಗೆ ಬಿಟ್ಟು ಮತ್ತೆ ಸಣ್ಣದಾಗಿ ಕೊಡಿ.

ಇನ್ನೊಂದು ಮಾತು. ದಡದ ಕಡೆಗೆ ಹಿಂಬದಿ ಮಾಡಿಕೊಂಡು ತೆಳು ನೀರಿಗೆ ರಿವರ್ಸ್ ಬರಬೇಡಿ. ಬಕೆಟ್ ನೀರು ನೆಲದ ಮರಳು ಕೆದಕುತ್ತದೆ, ಪಂಪ್ ಅದನ್ನೇ ಕುಡಿಯುತ್ತದೆ.

ಹಂತ 6: ನಿಂತಲ್ಲೇ ತಿರುಗಿಸುವುದು

ಐದನೇ ಹಂತದ ಸೂತ್ರ ಅರ್ಥ ಆಗಿದ್ದರೆ ಇದು ಬೋನಸ್ ಇದ್ದ ಹಾಗೆ. ಜೆಟ್ ಬೋಟ್ ಔಟ್‌ಬೋರ್ಡಿಗಿಂತ ಮೇಲುಗೈ ಸಾಧಿಸುವ ಜಾಗ ಇದು.

ಸ್ಟೀರಿಂಗ್ ಪೂರ್ತಿ ಬಲಕ್ಕೆ ಇಡಿ. ಮುಂದಿನ ಗೇರ್, ಸಣ್ಣ ಥ್ರಾಟಲ್: ಮೂತಿ ಬಲಕ್ಕೆ, ಬೋಟ್ ಸ್ವಲ್ಪ ಮುಂದಕ್ಕೆ. ನ್ಯೂಟ್ರಲ್. ಸ್ಟೀರಿಂಗ್ ಮುಟ್ಟಬೇಡಿ! ರಿವರ್ಸ್, ಸಣ್ಣ ಥ್ರಾಟಲ್: ಮೂತಿ ಇನ್ನಷ್ಟು ಬಲಕ್ಕೆ, ಬೋಟ್ ಸ್ವಲ್ಪ ಹಿಂದಕ್ಕೆ. ಹೀಗೇ ಮಾಡುತ್ತಾ ಹೋದರೆ ಬೋಟ್ ತನ್ನ ಉದ್ದದಷ್ಟೇ ಜಾಗದಲ್ಲಿ ಸುತ್ತು ಹಾಕುತ್ತದೆ.

ಔಟ್‌ಬೋರ್ಡಿನವರು ತಪ್ಪುವುದು ರಿವರ್ಸ್ ಹಾಕುವ ಗಳಿಗೆಯಲ್ಲಿ. ಅಭ್ಯಾಸಬಲದಿಂದ ಸ್ಟೀರಿಂಗನ್ನು ಎಡಕ್ಕೆ ಸುತ್ತುತ್ತಾರೆ, ಅಲ್ಲಿಯವರೆಗೆ ತಿರುಗಿದ್ದೆಲ್ಲ ವಾಪಸ್ ಬರುತ್ತದೆ. ಆಮೇಲೆ ಬೋಟಿನ ಮೇಲೆ ಸಿಟ್ಟು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ನೀವು ಲಿವರ್ ಬದಲಾಯಿಸುವಾಗ ಸ್ಟೀರಿಂಗ್ ಅಲುಗಾಡಿತಾ ಅಂತ ನೋಡಲು ಹೇಳಿ.

ಎರಡು ಇಂಜಿನ್ ಇರುವ ಬೋಟಿನಲ್ಲಿ ಎಡ ಲಿವರ್ ಮುಂದೆ, ಬಲ ಲಿವರ್ ಹಿಂದೆ ಮಾಡಿದರೂ ಮೂತಿ ಬಲಕ್ಕೆ ಹೊರಳುತ್ತದೆ. ಆದರೆ ನಳಿಕೆಗಳೆರಡೂ ಅಕ್ಕಪಕ್ಕವೇ ಇರುವುದರಿಂದ ಲಿವರ್ ಒಂದನ್ನೇ ನಂಬಬೇಡಿ, ಸ್ಟೀರಿಂಗೂ ಬಲಕ್ಕಿರಲಿ.

ಹಂತ 7: ಗಾಳಿಯ ಲೆಕ್ಕ

ಜೆಟ್ ಬೋಟಿನ ಮೂತಿ ಹಗುರ, ನೀರಿನಲ್ಲಿ ಮುಳುಗಿರುವುದು ಕಡಿಮೆ. ನಿಧಾನ ಆದ ಕೂಡಲೇ ಗಾಳಿ ಅದನ್ನು ತಳ್ಳುತ್ತದೆ. ಮೂತಿ ಗಾಳಿ ಹೋಗುವ ದಿಕ್ಕಿಗೆ, ಹಿಂಬದಿ ಗಾಳಿ ಬರುವ ದಿಕ್ಕಿಗೆ, ಇದು ಬೋಟ್ ತಾನಾಗಿ ಹಿಡಿಯುವ ಭಂಗಿ.

ಈ ಭಂಗಿಯ ಜತೆ ಗುದ್ದಾಡುವ ಬದಲು ಬಳಸಿಕೊಳ್ಳಿ. ಜೆಟ್ಟಿ ಖಾಲಿ ಆಗಲಿ ಅಂತ ಕಾಯಬೇಕಾದಾಗ ಹಿಂಬದಿಯನ್ನು ಗಾಳಿಗೆ ಕೊಟ್ಟು, ಆಗಾಗ ಸಣ್ಣ ರಿವರ್ಸ್ ಕೊಡುತ್ತಾ ನಿಂತರೆ ಬೋಟ್ ಶಾಂತವಾಗಿರುತ್ತದೆ. ಅಲೆ ದೊಡ್ಡದಿದ್ದರೆ ಇದು ಬೇಡ, ಹಿಂಬದಿಯಿಂದ ನೀರು ಹತ್ತುತ್ತದೆ. ಆಗ ಮೂತಿಯನ್ನು ಗಾಳಿಗೆ ಕೊಟ್ಟು, ನೀರಿನಲ್ಲಿ ದೂರವೇ ಓಡಾಡಿಕೊಂಡಿರಿ.

ಗಾಳಿ ಯಾವ ಕಡೆಯಿಂದ ಅಂತ ತಿಳಿಯಲು ಉಪಕರಣ ಬೇಡ. ಹಾಯಾಗಿ ತೇಲುತ್ತಿರುವ ಹರಿಗೋಲು ಯಾವ ಕಡೆ ಜರುಗುತ್ತಿದೆ ನೋಡಿ. ಹರಿಗೋಲು ಹತ್ತಿರ ಇದ್ದರೆ ಅಲೆ ಏಳದ ಹಾಗೆ ಐಡಲ್‌ನಲ್ಲೇ ಹೋಗಿ. ಅದು ತಟ್ಟೆಯಂಥ ಸಾಧನ, ನಿಮ್ಮ ಅಲೆ ಪಕ್ಕದಿಂದ ಬಡಿದರೆ ಮಗುಚುತ್ತದೆ.

ಹಂತ 8: ಜೆಟ್ಟಿಗೆ ಬರುವುದು

ಜೆಟ್ಟಿ ನಿಮ್ಮ ಎಡಕ್ಕಿದೆ ಅಂತ ಇಟ್ಟುಕೊಳ್ಳೋಣ. ಬಲಕ್ಕಿದ್ದರೆ ಎಲ್ಲವನ್ನೂ ಕನ್ನಡಿಯ ಹಾಗೆ ತಿರುಗಿಸಿಕೊಳ್ಳಿ. ಆಗುವ ಮಟ್ಟಿಗೆ ಗಾಳಿಗೆ ಎದುರಾಗಿ ಬನ್ನಿ, ಗಾಳಿಯೇ ಬ್ರೇಕ್ ಹಾಕುತ್ತದೆ.

ಮುಂಚೆಯೇ ಎಡಗಡೆ ಫೆಂಡರ್ ಇಳಿಬಿಡಿ, ಹಗ್ಗ ಕೈಯಲ್ಲಿರಲಿ. ದಡದ ಮೇಲೆ ನಿಂತವರಿಗೆ ಕಾಲು ಚಾಚಿ ತಡೆಯಬೇಡಿ ಅಂತ ಕೂಗಿ ಹೇಳಿ. ಬೋಟಿಗೂ ಕಾಂಕ್ರೀಟಿಗೂ ನಡುವೆ ಸಿಕ್ಕ ಕಾಲು ಉಳಿಯುವುದಿಲ್ಲ.

ಜೆಟ್ಟಿಗೆ ಓರೆಯಾಗಿ, 20 ರಿಂದ 30 ಡಿಗ್ರಿ ಕೋನದಲ್ಲಿ ಬನ್ನಿ. ಮೂರ್ನಾಲ್ಕು ಬೋಟ್ ಉದ್ದದಷ್ಟು ದೂರ ಇರುವಾಗಲೇ ನ್ಯೂಟ್ರಲ್‌ಗೆ ಬನ್ನಿ. ಬೋಟ್ ತನ್ನ ಓಟದಲ್ಲೇ ಬರುತ್ತದೆ. ದಾರಿ ತಪ್ಪುತ್ತಿದ್ದರೆ ಸ್ಟೀರಿಂಗ್ ತಿರುಗಿಸಿ, ಐಡಲ್‌ನಲ್ಲಿ ಮುಂದಿನ ಗೇರ್ ಒಂದು ಗಳಿಗೆ ಕೊಟ್ಟು ತೆಗೆಯಿರಿ. ಜೆಟ್ಟಿಗೆ ಗುದ್ದಿದರೂ ಏನೂ ಆಗದಷ್ಟು ವೇಗ ಇರಬೇಕು, ಅದಕ್ಕಿಂತ ಜಾಸ್ತಿ ಬೇಡ.

ಮೂತಿ ಜೆಟ್ಟಿಗೆ ಒಂದೆರಡು ಅಡಿ ಇದೆ ಅನ್ನುವಾಗ ಸ್ಟೀರಿಂಗನ್ನು ಪೂರ್ತಿ ಬಲಕ್ಕೆ, ಅಂದರೆ ಜೆಟ್ಟಿಯಿಂದ ಆಚೆಗೆ ತಿರುಗಿಸಿ. ಚಿಕ್ಕ ಮುಂದಿನ ಥ್ರಾಟಲ್. ಮೂತಿ ಜೆಟ್ಟಿಯಿಂದ ಹೊರಗೆ ಹೊರಳುತ್ತದೆ, ಹಿಂಬದಿ ಜೆಟ್ಟಿ ಕಡೆಗೆ ಬರುತ್ತದೆ. ಈಗ ಬೋಟ್ ಮುಂದಕ್ಕೆ ಜಾರುವುದನ್ನು ನಿಲ್ಲಿಸಬೇಕು. ಸ್ಟೀರಿಂಗ್ ಬಲಕ್ಕೇ ಇರಲಿ. ರಿವರ್ಸ್, ಸಣ್ಣ ಥ್ರಾಟಲ್. ಬೋಟ್ ನಿಲ್ಲುತ್ತದೆ, ಹಿಂಬದಿ ಇನ್ನೂ ಸ್ವಲ್ಪ ಜೆಟ್ಟಿಗೆ ಒತ್ತುತ್ತದೆ. ನ್ಯೂಟ್ರಲ್. ಹಗ್ಗ ಕಟ್ಟಿ. ಇಂಜಿನ್ ಆಫ್ ಮಾಡುವುದು ಹಗ್ಗ ಕಟ್ಟಿದ ಮೇಲೆ.

ಹೆಚ್ಚಿನವರು ಫೇಲಾಗುವುದು ಕೊನೆಯ ಆ ರಿವರ್ಸ್‌ನಲ್ಲಿ. ಔಟ್‌ಬೋರ್ಡಿನಲ್ಲಿ ಹಿಂಬದಿಯನ್ನು ಜೆಟ್ಟಿಗೆ ತರಲು ಸ್ಟೀರಿಂಗನ್ನು ಜೆಟ್ಟಿ ಕಡೆಗೆ ತಿರುಗಿಸಿ ರಿವರ್ಸ್ ಕೊಡುತ್ತಾರೆ. ಜೆಟ್ ಬೋಟಿನಲ್ಲಿ ಅದೇ ಮಾಡಿದರೆ ಹಿಂಬದಿ ನೀರಿನ ಕಡೆಗೆ ಹೋಗಿ, ಮೂತಿ ಜೆಟ್ಟಿಗೆ ಕುಟ್ಟುತ್ತದೆ.

ಗಾಳಿ ಜೆಟ್ಟಿಯ ಕಡೆಗೇ ಬೀಸುತ್ತಿದ್ದರೆ ಜೆಟ್ಟಿಗೆ ಸಮಾನಾಂತರವಾಗಿ ಸ್ವಲ್ಪ ದೂರ ನಿಲ್ಲಿ, ಗಾಳಿಯೇ ತಂದು ಒರಗಿಸುತ್ತದೆ. ಮೂತಿ ಮೊದಲು ಬರುತ್ತದೆ, ಮುಂದೆ ಒಂದು ಫೆಂಡರ್ ಜಾಸ್ತಿ ಇರಲಿ. ಗಾಳಿ ಜೆಟ್ಟಿಯಿಂದ ಆಚೆಗೆ ತಳ್ಳುತ್ತಿದ್ದರೆ ಕೋನ ಹೆಚ್ಚಿಸಿ, ಮೂತಿಯ ಹಗ್ಗ ಮೊದಲು ಕೊಟ್ಟುಬಿಡಿ.

ಸರಿ ಹೋಗುತ್ತಿಲ್ಲ ಅಂತ ಅನಿಸಿದರೆ ಅರ್ಧದಲ್ಲೇ ಬಿಟ್ಟು ಆಚೆ ಹೋಗಿ, ಸುತ್ತು ಹಾಕಿ ಮತ್ತೆ ಬನ್ನಿ. ದಡದಲ್ಲಿ ನಿಂತು ನಗುವವರು ರಿಪೇರಿ ದುಡ್ಡು ಕೊಡುವುದಿಲ್ಲ.

ಹಂತ 9: ಜೆಟ್ಟಿಯಿಂದ ಹಿಂದಕ್ಕೆ ಹೊರಡುವುದು

ಜೆಟ್ಟಿ ಎಡಕ್ಕೇ ಇದೆ. ಹಿಂಬದಿಯನ್ನು ಹೊರಗೆ ತರಬೇಕು. ಸ್ಟೀರಿಂಗನ್ನು ಎಡಕ್ಕೆ, ಅಂದರೆ ಜೆಟ್ಟಿ ಕಡೆಗೇ ತಿರುಗಿಸಿ. ರಿವರ್ಸ್, ಸಣ್ಣ ಥ್ರಾಟಲ್. ಮೂತಿ ಜೆಟ್ಟಿಗೆ ಒರಗುತ್ತದೆ, ಅಲ್ಲಿ ಫೆಂಡರ್ ಇರಬೇಕು. ಹಿಂಬದಿ ಹೊರಕ್ಕೆ ಬರುತ್ತದೆ. ಸಾಕಷ್ಟು ಹೊರಬಂದ ಮೇಲೆ ಸ್ಟೀರಿಂಗ್ ನೇರ ಮಾಡಿ, ರಿವರ್ಸ್‌ನಲ್ಲೇ ಒಂದೆರಡು ಬೋಟ್ ಉದ್ದ ಹಿಂದೆ ಬನ್ನಿ. ಆಮೇಲೆ ನ್ಯೂಟ್ರಲ್, ಸ್ಟೀರಿಂಗ್ ಬಲಕ್ಕೆ, ಮುಂದಿನ ಗೇರ್.

ಹೊರಡುವ ಮುಂಚೆ ಹಿಂಬದಿ ನೋಡುವುದು ಮರೆಯಬೇಡಿ. ಅಲ್ಲಿ ಕಾಲು ಇಳಿಬಿಟ್ಟು ಕೂತವರು, ನೀರಿನಲ್ಲಿ ಆಡುವ ಮಕ್ಕಳು, ತೇಲುವ ಹಗ್ಗ, ಮೂರೂ ಇರಬಾರದು. ನಳಿಕೆಯಿಂದ ಬರುವ ನೀರು ಮೈಗೆ ಬಡಿದರೆ ಒಳಗಿನ ಅಂಗಗಳಿಗೇ ಗಾಯ ಆಗುವಷ್ಟು ಬಲ ಇರುತ್ತದೆ. ಉದ್ದ ಕೂದಲು, ದುಪಟ್ಟಾ, ಸೀರೆ ಸೆರಗು ಜಾಲರಿಗೆ ಸಿಕ್ಕಿಕೊಳ್ಳಬಲ್ಲವು. ನೀರಿನಿಂದ ಯಾರಾದರೂ ಹತ್ತುವಾಗ, ಇಳಿಯುವಾಗ ಇಂಜಿನ್ ಪೂರ್ತಿ ಆಫ್ ಇರಬೇಕು. ನ್ಯೂಟ್ರಲ್ ಸಾಲದು.

ಕೆಟ್ಟಿದೆ ಅನ್ನುವ ಸೂಚನೆಗಳು

ಇಂಜಿನ್ ಸದ್ದು ಏರಿದೆ, ಬೋಟ್ ಮಾತ್ರ ಹೋಗುತ್ತಿಲ್ಲ. ಜಾಲರಿಗೆ ಏನೋ ಕಟ್ಟಿಕೊಂಡಿದೆ, ಇಲ್ಲವೇ ಇಂಪೆಲ್ಲರ್ ಸುತ್ತಲಿನ ಬಳೆ ಸವೆದಿದೆ. ಮೊದಲು ಇಂಜಿನ್ ಆಫ್ ಮಾಡಿ, ಬೋಟನ್ನು ಪಕ್ಕಕ್ಕೆ ತೂಗಾಡಿಸಿ. ಎಳೆತ ನಿಂತ ಮೇಲೆ ಅಂತರಗಂಗೆ ಎಷ್ಟೋ ಸಲ ತಾನಾಗಿ ಬಿದ್ದುಹೋಗುತ್ತದೆ. "ರಿವರ್ಸ್ ಕೊಡು, ಕಸ ಹೊರಗೆ ಬರುತ್ತೆ" ಅಂತ ಹೇಳುವವರಿದ್ದಾರೆ. ಸಾಮಾನ್ಯ ಬೋಟಿನಲ್ಲಿ ಅದು ಆಗದ ಮಾತು. ಬಕೆಟ್ ಇಳಿದರೂ ಪಂಪ್ ಒಳಕ್ಕೇ ಎಳೆಯುತ್ತಿರುತ್ತದೆ. ಪಂಪನ್ನೇ ಉಲ್ಟಾ ತಿರುಗಿಸುವ ವ್ಯವಸ್ಥೆ ಇರುವ ಬೋಟ್‌ಗಳಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ.

ತಳ ನಡುಗುತ್ತಿದೆ. ಕಲ್ಲೋ ಕಟ್ಟಿಗೆ ತುಂಡೋ ಇಂಪೆಲ್ಲರಿನಲ್ಲಿ ಸಿಕ್ಕಿದೆ ಅಥವಾ ಅಲಗು ಬಾಗಿದೆ. ಐಡಲ್‌ನಲ್ಲಿ ವಾಪಸ್ ಬನ್ನಿ, ನಡುಕ ಜಾಸ್ತಿ ಇದ್ದರೆ ಹುಟ್ಟು ಹಾಕಿ.

ಬಿಸಿಯ ಎಚ್ಚರಿಕೆ ದೀಪ ಹತ್ತಿತು. ಎಷ್ಟೋ ಬೋಟ್‌ಗಳಲ್ಲಿ ಇಂಜಿನ್ ತಣಿಸುವ ನೀರೂ ಇದೇ ಪಂಪಿನಿಂದ ಹೋಗುತ್ತದೆ. ಪಂಪ್ ಕಟ್ಟಿದರೆ ಇಂಜಿನ್ನೂ ಕಾಯುತ್ತದೆ. "ದಡ ಇಲ್ಲೇ ಇದೆ, ಹೋಗಿಬಿಡೋಣ" ಅನ್ನಬೇಡಿ, ತಕ್ಷಣ ಆಫ್ ಮಾಡಿ.

ಸ್ಟೀರಿಂಗ್ ಒಂದು ಕಡೆಗೆ ಬಿಗಿ, ಇನ್ನೊಂದು ಕಡೆಗೆ ಸಲೀಸು. ಕೇಬಲ್ಲಿಗೆ ತುಕ್ಕು ಹಿಡಿದಿದೆ ಅಥವಾ ನಳಿಕೆಗೂ ಬಕೆಟ್ಟಿಗೂ ನಡುವೆ ಕಡ್ಡಿ ಸಿಕ್ಕಿದೆ. ಬಲ ಹಾಕಿ ತಿರುಗಿಸಿದರೆ ಕೇಬಲ್ ತುಂಡಾಗುವುದು ಜೆಟ್ಟಿ ಮುಂದೆಯೇ. ಹಿಂದೆ ಬಗ್ಗಿ ನೋಡಿ, ಕಡ್ಡಿ ಇದ್ದರೆ ಇಂಜಿನ್ ಆಫ್ ಮಾಡಿ, ಕಿಲ್ ಸ್ವಿಚ್ ಹಗ್ಗ ಕಿತ್ತು, ಕೊಕ್ಕೆ ಕೋಲಿನಿಂದ ತೆಗೆಯಿರಿ. ಕಡ್ಡಿ ಇಲ್ಲದಿದ್ದರೆ ಅಂದು ಅಷ್ಟಕ್ಕೇ ಸಾಕು ಮಾಡಿ, ಹುಟ್ಟು ಹಾಕಿಕೊಂಡೋ ಇನ್ನೊಂದು ಬೋಟಿಗೆ ಕಟ್ಟಿಸಿಕೊಂಡೋ ದಡಕ್ಕೆ ಬಂದು ಕೇಬಲ್ ಬದಲಾಯಿಸಿ.